ಮನೆಯಲ್ಲೇ ಮಾಡಿದ ಸ್ಕೀ: ಹಿಮದ ಮೇಲೆ ಒರೆಗೆ ಹಚ್ಚಿದ ಅನುಭವ

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದ ಹಲಗೆಯಾದ ಸ್ಕೀಯನ್ನು ತಯಾರಿಸುವ ಕೆಲಸವು ಅಚ್ಚಿನಿಂದ ಅದನ್ನು ಬಿಡಿಸಿ, ಅಂಚು ಕತ್ತರಿಸಿ, ಮೇಣ ಹಚ್ಚಿದಲ್ಲಿಗೆ ಮುಗಿಯಿತು ಎಂದು ಅನೇಕರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಕೆಲಸದ ಅರ್ಧಭಾಗ ಅಲ್ಲಿಂದ ಮುಂದೆಯೇ ಇದೆ. ಇಳಿಜಾರಿನಲ್ಲಿ ಸ್ಕೀ ಒಂದು ತಕರಾರು ತೋರಿಸಿದಾಗ ಅದಕ್ಕೆ ಮರದ ತಿರುಳು ಕಾರಣವೋ, ಉಕ್ಕಿನ ಅಂಚನ್ನು ಅರೆದ ರೀತಿ ಕಾರಣವೋ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂರಿಸಿದ ಜಾಗ ಕಾರಣವೋ ಅಥವಾ ಮೇಲೆ ನಿಂತವನ ಕಾಲೇ ಕಾರಣವೋ ಎಂಬುದನ್ನು ಬಿಡಿಸಿ ನೋಡದಿದ್ದರೆ, ಮುಂದಿನ ಜೋಡಿಯಲ್ಲಿ ಏನನ್ನು ತಿದ್ದಬೇಕೆಂಬುದೇ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಅದರ ಫಲವನ್ನು ನೋಡಿದ ಮೇಲೆ ಇನ್ನೊಂದಕ್ಕೆ ಕೈಹಾಕುವ ಈ ಕ್ರಮವನ್ನು ನಾನು ಮೊದಲ ಜೋಡಿಯಿಂದಲೇ ಪಾಲಿಸಿದೆ.

ಆ ಜೋಡಿಯ ತಿರುಳಿಗೆ ಆ್ಯಶ್ ಮತ್ತು ಪಾಪ್ಲರ್ ಮರದ ಪಟ್ಟಿಗಳನ್ನು ನಿಲುವಾಗಿ ಜೋಡಿಸಿ ಅಂಟಿಸಿದ್ದೆ. ತಿರುಳಿನ ದಪ್ಪವು ಬೂಟಿನ ಕೆಳಗೆ 11 ಮಿ.ಮೀ., ಎರಡೂ ತುದಿಗಳಲ್ಲಿ 2 ಮಿ.ಮೀ. ಮೇಲೆ ಕೆಳಗೆ ಮೂರು ದಿಕ್ಕಿನ ಎಳೆಗಳಿರುವ ಫೈಬರ್‌ಗ್ಲಾಸ್, ಎಪಾಕ್ಸಿ, ತಳಕ್ಕೆ ಪಾಲಿಎಥಿಲೀನ್ ಹಾಳೆ, ಸುತ್ತ ಉಕ್ಕಿನ ಅಂಚು. ಉಕ್ಕಿಗೂ ಗಾಜಿನ ನಾರಿಗೂ ನಡುವೆ ತೆಳು ರಬ್ಬರ್ ಪಟ್ಟಿ. ಅಗಲ ಮೂತಿಯಲ್ಲಿ 130, ನಡುವಿನಲ್ಲಿ 100, ಬಾಲದಲ್ಲಿ 120 ಮಿ.ಮೀ. ಹಿಮಕ್ಕೆ ತಾಗುವ ಅಂಚಿನ ಉದ್ದ 1400 ಮಿ.ಮೀ. ಇದ್ದುದರಿಂದ, ಉದ್ದದ ವರ್ಗವನ್ನು ಸೈಡ್‌ಕಟ್ (ಬದಿಯಂಚು ನಡುವಿನಲ್ಲಿ ಒಳಬಾಗಿರುವ) ಆಳದ ಎಂಟರಷ್ಟರಿಂದ ಭಾಗಿಸಿದಾಗ ತಿರುವಿನ ತ್ರಿಜ್ಯ ಸುಮಾರು 19.6 ಮೀಟರ್ ಎಂದು ಬಂತು. ಇದು ಕಾಗದದ ಮೇಲಿನ ಲೆಕ್ಕ. ಸ್ಕೀಯನ್ನು ವಾಲಿಸಿ ಬಾಗಿಸಿದಷ್ಟೂ ಹಿಮದ ಮೇಲಿನ ತಿರುವು ಇದಕ್ಕಿಂತ ಚಿಕ್ಕದಾಗುತ್ತದೆ.

ಹಿಮಕ್ಕೆ ಇಳಿಯುವ ಮೊದಲು ಮೇಜಿನ ಮೇಲೆ ಮಾಡಬೇಕಾದ ಪರೀಕ್ಷೆಗಳನ್ನು ಯಾರೂ ಬಿಡಬಾರದು. ಎರಡು ತುದಿಗಳಿಗೆ ಆಸರೆ ಕೊಟ್ಟು, ನಡುವೆ ಒಂದೇ ತೂಕವನ್ನು ತೂಗಹಾಕಿ, ಎರಡೂ ಸ್ಕೀಗಳು ಎಷ್ಟು ಬಾಗುತ್ತವೆ ಎಂದು ಅಳೆದು ತಾಳೆ ನೋಡಿದೆ. ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆ ಇತ್ತು. ಆಮೇಲೆ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಹೋದೆ. ಪದರಗಳು ಸರಿಯಾಗಿ ಅಂಟಿರುವ ಕಡೆ ಸದ್ದು ಗಟ್ಟಿಯಾಗಿ, ಚುರುಕಾಗಿ ಬರುತ್ತದೆ. ಒಳಗೆ ಗಾಳಿ ಉಳಿದಿದ್ದರೆ ಅಲ್ಲಿ ದನಿ ಬಡ್ಡಾಗುತ್ತದೆ. ಅಂಚನ್ನು ತಳದ ಕಡೆ 1 ಡಿಗ್ರಿ, ಬದಿಯಲ್ಲಿ 2 ಡಿಗ್ರಿ ಅರೆದೆ. ಬೈಂಡಿಂಗ್‌ಗೆ ಬಾಡಿಗೆ ಸ್ಕೀಗಳಲ್ಲಿ ಇರುವಂಥ, ಹಳಿಯ ಮೇಲೆ ಹಿಂದೆ ಮುಂದೆ ಸರಿಸಬಹುದಾದ ಬಗೆಯನ್ನೇ ಆರಿಸಿಕೊಂಡೆ. ಅದು ತುಸು ಭಾರ, ಬೂಟನ್ನೂ ಸ್ವಲ್ಪ ಎತ್ತರಕ್ಕೆ ಒಯ್ಯುತ್ತದೆ, ಆದರೆ ಹೊಸ ತೂತು ಕೊರೆಯದೆ ನಿಲ್ಲುವ ಜಾಗವನ್ನು ಬದಲಿಸಿ ನೋಡಲು ಬೇರೆ ದಾರಿಯಿಲ್ಲ. ಸ್ಕ್ರೂ ತೂತುಗಳಿಗೆಲ್ಲ ಅಂಟು ತುಂಬಿಸಿದ್ದೆ. ನೀರು ಒಳಸೇರಿ ಹೆಪ್ಪುಗಟ್ಟಿದರೆ ಹಿಗ್ಗುವ ಮಂಜುಗಡ್ಡೆ ತಿರುಳನ್ನೇ ಸೀಳುತ್ತದೆ. ಬೈಂಡಿಂಗ್ ಬೂಟನ್ನು ಬಿಟ್ಟುಕೊಡುವ ಬಲವನ್ನು ಮಾತ್ರ ನಾನೇ ಹೊಂದಿಸಲಿಲ್ಲ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಎಲ್ಲವನ್ನೂ ನೋಡಿ ತಂತ್ರಜ್ಞರೊಬ್ಬರು ಹೊಂದಿಸಿಕೊಟ್ಟರು. ಬಿದ್ದಾಗ ಮೊಣಕಾಲು ಉಳಿಯುವುದು ಅದರ ಮೇಲೆಯೇ ನಿಂತಿರುವುದರಿಂದ ಅಲ್ಲಿ ಅಂದಾಜು ನಡೆಯದು.

ಮೊದಲ ಇಳಿತಕ್ಕೆ ಅಗಲವಾದ, ಜನವಿಲ್ಲದ, ಯಂತ್ರದಿಂದ ಸಮಮಾಡಿದ ಸುಲಭದ ಇಳಿಜಾರನ್ನು ಹುಡುಕಿಕೊಂಡೆ. ಕಾರ್ಖಾನೆಯಲ್ಲಿ ತಯಾರಾದ, ನನಗೆ ಚೆನ್ನಾಗಿ ಪರಿಚಯವಿರುವ ಜೋಡಿಯಲ್ಲಿ ಅದೇ ಇಳಿಜಾರನ್ನು ಮೊದಲು ಇಳಿದು, ತಕ್ಷಣ ನನ್ನದಕ್ಕೆ ಬದಲಾಯಿಸಿದೆ. ಬೆಳಗಿನ ಗಟ್ಟಿ ಹಿಮ ಮಧ್ಯಾಹ್ನಕ್ಕೆ ಮೆತ್ತಗಾಗುವುದರಿಂದ, ಹೊತ್ತು ಬೇರೆಯಾದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. ತಳವನ್ನು ಚಪ್ಪಟೆಯಾಗಿಟ್ಟು ನೇರ ಜಾರಿದೆ, ಬಳಿಕ ಇಳಿಜಾರಿಗೆ ಅಡ್ಡ ನಿಂತು ಅಂಚನ್ನು ಸಡಿಲಿಸಿ ಪಕ್ಕಕ್ಕೆ ಜಾರಿದೆ. ಈ ಎರಡನೆಯ ಪರೀಕ್ಷೆಗೆ ನಾನು ಬಹಳ ಬೆಲೆ ಕೊಡುತ್ತೇನೆ, ಏಕೆಂದರೆ ಇದರಲ್ಲಿ ವೇಗದ ಮರೆ ಇರುವುದಿಲ್ಲ.

ಎಡಗಾಲಿನ ಸ್ಕೀ ಪಕ್ಕಕ್ಕೆ ಜಾರುವಾಗ ಮೂತಿಯ ಹತ್ತಿರ ಹಿಮವನ್ನು ಕಚ್ಚಿ ಹಿಡಿಯುತ್ತಿತ್ತು. ಜಾರು ಒಂದೇ ಸಮನೆ ಸಾಗದೆ ತಡೆದು ತಡೆದು ಸಾಗುತ್ತಿತ್ತು. ಕಾಲಿನ ದೋಷವೋ ಸ್ಕೀಯ ದೋಷವೋ ಎಂದು ತಿಳಿಯಲು ಎಡದ್ದನ್ನು ಬಲಗಾಲಿಗೂ ಬಲದ್ದನ್ನು ಎಡಗಾಲಿಗೂ ಹಾಕಿಕೊಂಡು ಮತ್ತೆ ಇಳಿದೆ. ಕಚ್ಚುವಿಕೆ ಸ್ಕೀಯ ಜೊತೆಗೇ ಬಲಗಾಲಿಗೆ ಬಂತು. ಕೆಳಗೆ ಬಂದು ತಳವನ್ನು ಒರೆಸಿ, ಉಕ್ಕಿನ ನೇರಪಟ್ಟಿಯನ್ನು ಅದರ ಮೇಲೆ ಅಡ್ಡಲಾಗಿಟ್ಟು ಬೆಳಕಿಗೆ ಹಿಡಿದಾಗ, ಪಟ್ಟಿ ಎರಡು ಅಂಚುಗಳ ಮೇಲೆ ಮಾತ್ರ ಕೂತು, ನಡುವೆ ಕೂದಲೆಳೆಯಷ್ಟು ಬೆಳಕು ಹಾಯುತ್ತಿತ್ತು. ಪದರಗಳನ್ನು ಒತ್ತಿ ಅಂಟಿಸುವ ಪ್ರೆಸ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ದು ತಣಿಯುವಾಗ ಪಾಲಿಎಥಿಲೀನ್ ಉಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಕುಗ್ಗುತ್ತದೆ. ಆ ಎಳೆತಕ್ಕೆ ತಳ ಅಡ್ಡಲಾಗಿ ಒಳಬಾಗಿತ್ತು. ಅಂಚನ್ನು ತಳದ ಮಟ್ಟಕ್ಕೆ ಅರದಿಂದ ಇಳಿಸಿ, ಮೂತಿಯ ಕೊನೆಯನ್ನು ತುಸು ಮೊಂಡು ಮಾಡಿದ ಮೇಲೆ ಆ ತೊಂದರೆ ಪೂರ್ತಿ ಹೋಯಿತು. ತಳ ಮತ್ತು ಅಂಚು ಸಮವಾಗುವ ತನಕ ಸ್ಕೀಯ ವಿನ್ಯಾಸದ ಬಗ್ಗೆ ಯಾವ ತೀರ್ಮಾನಕ್ಕೂ ಬರಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಮುಂದಿನ ಪರೀಕ್ಷೆ ಅಂಚಿನ ಮೇಲೆ ನಿಂತು ತೆಗೆಯುವ ತಿರುವುಗಳದ್ದು. ಇಳಿದ ಮೇಲೆ ನಿಂತು ಹಿಂದಿರುಗಿ ಹಿಮದ ಮೇಲಿನ ಗೆರೆಗಳನ್ನು ಓದುವುದು ಇದರಲ್ಲಿ ಮುಖ್ಯ: ಸ್ಕೀ ಅಂಚಿನಲ್ಲೇ ಸಾಗಿದ್ದರೆ ಗೆರೆ ಕಿರಿದಾಗಿ ಸ್ವಚ್ಛವಾಗಿರುತ್ತದೆ, ಜಾರಿದ್ದರೆ ಅಗಲಕ್ಕೆ ಉಜ್ಜಿದಂತಿರುತ್ತದೆ. ನನ್ನ ಗೆರೆಗಳು ಪ್ರತಿ ತಿರುವಿನ ಆರಂಭದಲ್ಲಿ ಉಜ್ಜಿಕೊಂಡು, ಮಧ್ಯದಿಂದ ಮುಂದೆ ತಂತಿಯಂತೆ ಸಣ್ಣಗಾಗುತ್ತಿದ್ದವು. ಬೈಂಡಿಂಗನ್ನು ಒಂದು ಸೆಂ.ಮೀ. ಮುಂದೆ ಸರಿಸಿದಾಗ ಉಜ್ಜಿದ ಭಾಗ ಕಿರಿದಾಯಿತೇ ಹೊರತು ಇಲ್ಲವಾಗಲಿಲ್ಲ; ಇನ್ನೊಂದು ಸೆಂ.ಮೀ. ಸರಿಸಿದಾಗ ಬಾಲ ತಿರುವನ್ನು ಬಿಟ್ಟುಕೊಡದೆ ಎಳೆಯತೊಡಗಿದ್ದರಿಂದ ಹಿಂದಿನ ಜಾಗಕ್ಕೇ ತಂದೆ. ವೇಗ ಹೆಚ್ಚಿಸಿದಾಗ ಅದೇ ಸ್ಕೀ ತಿರುವಿನ ಮೊದಲಿನಿಂದಲೇ ಹಿಡಿಯಿತು. ನನಗಿಂತ ಸಾಕಷ್ಟು ಭಾರವಿರುವ ಗೆಳೆಯರೊಬ್ಬರು, ಬೈಂಡಿಂಗನ್ನು ಅವರಿಗಾಗಿ ಮತ್ತೆ ಹೊಂದಿಸಿಕೊಂಡು ಇಳಿದಾಗ ನಿಧಾನದ ತಿರುವಿನಲ್ಲೂ ಗೆರೆ ಸ್ವಚ್ಛವಾಗಿ ಬಂತು. ಅಲ್ಲಿಗೆ ಕಾರಣ ಸ್ಪಷ್ಟವಾಯಿತು: ಮೂತಿಯ ಭಾಗ ನನ್ನ ತೂಕಕ್ಕೆ ಬಿಗಿ, ಸಾಕಷ್ಟು ಬಲ ಬೀಳದೆ ಅದು ಬಾಗುತ್ತಿರಲಿಲ್ಲ. ಗಟ್ಟಿ ಹಿಮದ ಮೇಲೆ ನಡುಭಾಗದ ಹಿಡಿತ ಮಾತ್ರ ನಿಜಕ್ಕೂ ಖುಷಿ ಕೊಟ್ಟಿತು. ಓರೆ ಎಳೆಗಳ ಫೈಬರ್‌ಗ್ಲಾಸ್ ಸ್ಕೀ ತಿರುಚಿಕೊಳ್ಳದಂತೆ ಕಾದಿತ್ತು.

ಕೈಯಲ್ಲಿ ಮಾಡಿದ್ದು ಹಿಮದ ಮೇಲೆ ಸೋತರೆ ಎದೆಗುಂದಬೇಕಿಲ್ಲ ಎನ್ನುವುದಕ್ಕೆ ವಿಮಾನ ಎಂಜಿನಿಯರ್ ಹೊವಾರ್ಡ್ ಹೆಡ್ ಅವರ ಕೆಲಸ ನನಗೆ ಸದಾ ನೆನಪಾಗುತ್ತದೆ. ಅವರು 1947ರಲ್ಲಿ ಅಲ್ಯೂಮಿನಿಯಂ ಪದರಗಳಿಂದ ಮಾಡಿದ ಮೊದಲ ಸ್ಕೀಗಳನ್ನು ಅಮೆರಿಕದ ಸ್ಟೋವ್‌ನಲ್ಲಿ ಶಿಕ್ಷಕರ ಕೈಗೆ ಕೊಟ್ಟಾಗ ಅವು ಮುರಿದವು. ಮುರಿದದ್ದನ್ನು ನೋಡಿ ತಿದ್ದಿ, ಪ್ಲೈವುಡ್ ತಿರುಳು, ಉಕ್ಕಿನ ಅಂಚು, ಪ್ಲಾಸ್ಟಿಕ್ ತಳ ಸೇರಿಸುತ್ತ ಹೋಗಿ, 1950ರ ಹೊತ್ತಿಗೆ ಅವರು ಮಾರಾಟಕ್ಕೆ ತಕ್ಕ ಸ್ಕೀಯನ್ನು ಸಿದ್ಧಪಡಿಸಿದರು.

ಪ್ರತಿ ದಿನದ ಕೊನೆಗೆ ಸ್ಕೀಗಳನ್ನು ಒಣಗಿಸಿ, ಮತ್ತೆ ನಾಣ್ಯದಿಂದ ತಟ್ಟಿ, ಬದಿಯ ಪಟ್ಟಿಯೂ ಅಂಚೂ ಕೂಡುವ ಸಂದಿಯಲ್ಲಿ ಉಗುರಾಡಿಸಿ ನೋಡುತ್ತಿದ್ದೆ. ಪದರ ಬಿಡುವುದು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಮೇಣ ಹಚ್ಚುವ ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸದೆ ಸರಿಸುತ್ತಲೇ ಇರಬೇಕು. ಕಾವು ಒಳಗಿಳಿದರೆ ಎಪಾಕ್ಸಿ ಮೆದುವಾಗಿ ಹಿಡಿತ ಬಿಡುತ್ತದೆ.

ಎರಡನೆಯ ಜೋಡಿಯಲ್ಲಿ ಅಗಲ, ಉದ್ದ, ಫೈಬರ್‌ಗ್ಲಾಸ್ ಯಾವುದನ್ನೂ ಬದಲಿಸಲಿಲ್ಲ; ತಿರುಳಿನ ಮುಂಭಾಗವನ್ನು ಮಾತ್ರ ತೆಳುಮಾಡಿದೆ. ಮರದ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುವುದರಿಂದ, 5 ಮಿ.ಮೀ. ಇರುವ ಕಡೆ ಅರ್ಧ ಮಿ.ಮೀ. ಹೆರೆದರೂ ಅದರ ಬಿಗಿ ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಗಾಜಿನ ನಾರಿನ ಪದರಗಳ ಕೊಡುಗೆ ಅವುಗಳ ನಡುವಿನ ಅಂತರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಒಟ್ಟು ಇಳಿಕೆ ಅದಕ್ಕಿಂತ ತುಸು ಕಡಿಮೆ. ಮೂತಿಯ ಹಿಂದಿನ ಒಂದು ಗೇಣಿನಷ್ಟು ಭಾಗದಲ್ಲಿ ಇಷ್ಟೇ ತೆಗೆದು ಅದೇ ಇಳಿಜಾರಿಗೆ ಬೆಳಗಿನ ಹೊತ್ತು ಒಯ್ದಾಗ, ನಿಧಾನದ ತಿರುವುಗಳ ಗೆರೆಯೂ ಮೊದಲಿನಿಂದಲೇ ಸಣ್ಣಗೆ ಮೂಡಿತು. ವೇಗದಲ್ಲಿ ಮೂತಿ ಮೊದಲಿಗಿಂತ ಕೊಂಚ ಹೆಚ್ಚು ಅದುರುತ್ತದೆ; ಅದನ್ನು ತಗ್ಗಿಸಲು ಮೂತಿಯ ಭಾಗದಲ್ಲಿ ರಬ್ಬರ್ ಪಟ್ಟಿಯನ್ನು ಅಗಲ ಮಾಡಿ ಮೂರನೆಯ ಜೋಡಿಯನ್ನು ಈಗ ಅಚ್ಚಿಗೆ ಹಾಕಿದ್ದೇನೆ.