ಮಳೆಗಾಲಕ್ಕೆ ಮೊದಲು ಹಿಡಿಸೂಡಿ, ಮಾಪ್ ನೋಡಿಕೊಳ್ಳಿ

ನಮ್ಮ ಕಾಸರಗೋಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲ ಒಣಗುವುದೇ ಕಷ್ಟ. ಹಾಗಾಗಿ ಮನೆ ಗುಡಿಸಿ ಒರೆಸುವ ಸಾಮಾನನ್ನು ಈಗಲೇ ಹೊಂದಿಸಿಕೊಳ್ಳಿ.

ಅಂಗಳಕ್ಕೆ, ಬಚ್ಚಲಿಗೆ ತೆಂಗಿನ ಕಡ್ಡಿಯ ಹಿಡಿಸೂಡಿಯೇ ಸರಿ. ಎರಡು ಕಡೆಗೂ ಬೇರೆ ಬೇರೆ ಇರಲಿ. ಒಳಗಿನ ನೆಲಕ್ಕೆ ಹುಲ್ಲಿನ ಪೊರಕೆ, ಅದಕ್ಕೆ ನೀರು ತಾಗಿಸಬೇಡಿ.

ಮಾಪ್ ಕೊಳ್ಳುವಾಗ ಸ್ವಲ್ಪ ಜಾಸ್ತಿ ಯೋಚಿಸಿ. ದಪ್ಪ ಹತ್ತಿ ನೂಲಿನದು ಚೆನ್ನಾಗಿ ನೀರು ಹೀರುತ್ತದೆ ನಿಜ. ಆದರೆ ಮಳೆಯಲ್ಲಿ ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ನನ್ನ ಪ್ರಕಾರ ಮೈಕ್ರೋಫೈಬರ್ ಒಳ್ಳೆಯದು. ಬಟ್ಟೆ ಕಳಚಿ ತೊಳೆಯಲು ಬರುವಂಥದ್ದನ್ನೇ ತೆಗೆದುಕೊಳ್ಳಿ, ಬದಲಿಗೆ ಇನ್ನೊಂದು ಬಟ್ಟೆಯೂ ಇರಲಿ. ಕೆಲಸ ಮುಗಿದ ಮೇಲೆ ಬಕೆಟಿನಲ್ಲೇ ಬಿಡಬೇಡಿ. ತೊಳೆದು, ಹಿಂಡಿ, ಗಾಳಿ ಆಡುವಲ್ಲಿ ತೂಗುಹಾಕಿ. ಹಿಂದಿನ ಜಗಲಿಯಲ್ಲಿ ಮಳೆ ಎರಚದ ಕಡೆ ಸಾಲಾಗಿ ನಾಲ್ಕು ಮೊಳೆ ಹೊಡೆದರೆ ಎಲ್ಲವೂ ಅಲ್ಲೇ ನಿಲ್ಲುತ್ತದೆ.

ಹಳೆಯ ಮನೆಯ ಕೆಂಪು ಸಿಮೆಂಟ್ ನೆಲಕ್ಕೆ ಆಸಿಡ್ ಬೇಡವೇ ಬೇಡ. ಅದು ಸಿಮೆಂಟನ್ನೇ ತಿನ್ನುತ್ತದೆ.

ಇನ್ನೊಂದು ವಿಷಯ, ದಯವಿಟ್ಟು ಮರೆಯಬೇಡಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇರುತ್ತದೆ ಅಲ್ವಾ? ಅದನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಪಕ್ಕ ಇಡಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಉಸಿರಿಗೆ ಬಹಳ ಅಪಾಯ. ಒಂದೇ ಬಕೆಟಿಗೆ ಎರಡನ್ನೂ ಹಾಕಿ ತೊಳೆಯುವುದಂತೂ ಬೇಡವೇ ಬೇಡ. ಪೌಡರನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.

ಪ್ಲಾಸ್ಟಿಕ್ ಕವರ್‌ಗಳನ್ನು ತೊಳೆದು ಒಣಗಿಸಿ ಒಂದೇ ಚೀಲಕ್ಕೆ ತುಂಬುತ್ತಾ ಬನ್ನಿ. ಮನೆ ಮನೆಗೆ ಬಂದು ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಹಾಗೆಯೇ ಎತ್ತಿ ಕೊಡಬಹುದು.