ಮೋಸದ ಕರೆ ಬಂದರೆ ಮಾತಿಗೆ ನಿಲ್ಲಬೇಡಿ

ಮೋಸದ ಕರೆಗಳ ಸುದ್ದಿ ಕೇಳದವರು ಈಗ ಯಾರೂ ಇಲ್ಲ. ಆದರೂ ದುಡ್ಡು ಹೋಗುತ್ತಲೇ ಇದೆ. ನಾನು ನೋಡಿದ ಹಾಗೆ, ಹೆಚ್ಚಿನವರಿಗೆ ಶುರುವಿನಲ್ಲೇ ಅನುಮಾನ ಬಂದಿರುತ್ತದೆ. ಆದರೆ ಫೋನ್ ಇಡುವುದಿಲ್ಲ. ಎಡವುವುದು ಅಲ್ಲೇ.

ಸುಲಭದ್ದು ಮೊದಲು. ‘ಇವತ್ತು ರಾತ್ರಿ ಕರೆಂಟ್ ಕಟ್’, ‘ಕೆವೈಸಿ ಮುಗಿದಿದೆ’ ಅಂತ ಮೆಸೇಜ್ ಅಥವಾ ಇಮೇಲ್ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ, ಅಲ್ಲಿ ಕೊಟ್ಟ ನಂಬರಿಗೂ ಫೋನ್ ಮಾಡಬೇಡಿ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ, ಕೇಳಿದರೆ ಮೋಸ.

ಆಮೇಲೆ ಫೈಲ್. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಅಂತ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಫೈಲ್ ಹೆಸರಿನ ಕೊನೆಯಲ್ಲಿ ‘ಎಪಿಕೆ’ (.apk) ಇದ್ದರೆ ಅದು ಕರೆಯೋಲೆಯಲ್ಲ, ಆ್ಯಪ್. ಹಾಕಿಕೊಂಡರೆ ನಿಮ್ಮ ಎಸ್ಸೆಮ್ಮೆಸ್ ಓದಿ ಒಟಿಪಿಯನ್ನು ಕಳ್ಳರಿಗೆ ದಾಟಿಸಬಹುದು. ಪರಿಚಯದವರ ನಂಬರಿನಿಂದ ಬಂದರೂ ತೆರೆಯಬೇಡಿ, ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿರಬಹುದು.

ಇನ್ನು ಕರೆ. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಅಂತ ಶುರುವಾಗುತ್ತದೆ. ನಿಮ್ಮ ಆಧಾರ್ ನಂಬರ್, ವಿಳಾಸ ಎಲ್ಲ ಸರಿಯಾಗಿ ಹೇಳಿಬಿಡುತ್ತಾರೆ. ಮುಂದೆ ವಿಡಿಯೊ ಕಾಲ್, ಖಾಕಿ ಬಟ್ಟೆ, ಸೀಲು ಒತ್ತಿದ ವಾರಂಟ್. ‘ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ.’ ಇದೇ ಡಿಜಿಟಲ್ ಅರೆಸ್ಟ್. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು.

ಇಂಥ ಕರೆ ಬಂದರೆ ಕಳ್ಳರು ಮಾತಾಡುತ್ತಿರುವಾಗಲೇ ಕಟ್ ಮಾಡಿ. ವಾದಕ್ಕೆ ಇಳಿಯಬೇಡಿ, ಬೈಯಲೂ ಬೇಡಿ, ‘ಆ ಪಾರ್ಸೆಲ್ ನನ್ನದಲ್ಲ ಸಾರ್’ ಅಂತ ಸಮಜಾಯಿಷಿಯನ್ನಂತೂ ಕೊಡಲೇಬೇಡಿ, ಯಾಕೆಂದರೆ ಸಮಜಾಯಿಷಿ ಶುರುವಾದ ಕೂಡಲೇ ಪ್ರಶ್ನೆ ಕೇಳುವವರು ಅವರು, ತಪ್ಪಿತಸ್ಥರ ಹಾಗೆ ಉತ್ತರ ಹೇಳುವವರು ನೀವು. ಹಿರಿಯರಿಗೆ ಇದು ಕಷ್ಟ. ದೊಡ್ಡ ಸಾಹೇಬರು ಮಾತಾಡುವಾಗ ಫೋನ್ ಇಡುವುದು ಹೇಗೆ ಅಂತ ಅಳುಕುತ್ತಾರೆ. ಆದರೂ ಇಡಿ. ಕರೆ ಕಟ್ ಮಾಡಿದಿರಿ ಅಂತ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಇನ್ನೊಂದು ನಂಬರಿನಿಂದ ಮತ್ತೆ ಬರುತ್ತದೆ, ಎತ್ತಬೇಡಿ. ತಕ್ಷಣ ಮನೆಯವರಿಗೋ ಪಕ್ಕದ ಮನೆಯವರಿಗೋ ವಿಷಯ ಹೇಳಿ, ಯಾರಿಗೂ ಹೇಳಬೇಡಿ ಅಂತ ಅವರು ಒತ್ತಾಯ ಮಾಡಿದ್ದು ಇದನ್ನು ತಪ್ಪಿಸಲಿಕ್ಕೇ ಅಲ್ವಾ? ಭಯ ಹೋಗದಿದ್ದರೆ ನಿಮ್ಮ ಏರಿಯಾದ ಠಾಣೆಗೆ ನೀವೇ ಹೋಗಿ ವಿಚಾರಿಸಿ.

ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳನ್ನು ಜಾಸ್ತಿ ನಂಬಬೇಡಿ. ‘ಸಿಬಿಐ’ ಅಂತ ಹೆಸರು ಹಾಕಿಕೊಳ್ಳುವುದು ಕಳ್ಳರಿಗೆ ಕಷ್ಟವೇನಲ್ಲ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರೂ ಬೇಡ. ಬ್ಯಾಂಕಿಗೆ ಫೋನ್ ಮಾಡಬೇಕಿದ್ದರೆ ಡೆಬಿಟ್ ಕಾರ್ಡಿನ ಹಿಂದೆ ಇರುವ ನಂಬರೇ ಸರಿ.

ದುಡ್ಡು ಹೋಗಿಯೇಬಿಟ್ಟರೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮಗ ಆಫೀಸಿನಿಂದ ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಕಳ್ಳರು ಆ ದುಡ್ಡನ್ನು ಖಾತೆಯಿಂದ ಖಾತೆಗೆ ಬೇಗ ಬೇಗ ಸಾಗಿಸುತ್ತಾರೆ, ಬೇಗ ಹೇಳಿದಷ್ಟೂ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ‘ಹೋದ ದುಡ್ಡು ವಾಪಸ್ ತರಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಅಂತ ಆಮೇಲೂ ಕೆಲವರು ಬರುತ್ತಾರೆ. ಒಂದು ಪೈಸೆಯನ್ನೂ ಕೊಡಬೇಡಿ. 1930ರಲ್ಲಾಗಲಿ ಠಾಣೆಯಲ್ಲಾಗಲಿ ದೂರು ಕೊಡಲು ಶುಲ್ಕವಿಲ್ಲ.