ಮೊದಲು ಕೈ ನೋಡಿ, ಆಮೇಲೆ ಕಾಲು

ಧಾರವಾಡದಲ್ಲಿ ಸಂಜೆ ಮಕ್ಕಳ ಬಾಸ್ಕೆಟ್‌ಬಾಲ್ ಆಡಿಸಲು ಸೀಟಿ ಹಿಡಿದು ನಿಂತರೆ, ಗೆರೆಯಾಚೆಯಿಂದ ಯಾರಾದರೂ ಒಬ್ಬ ಅಪ್ಪ ಕೂಗಿಯೇ ಕೂಗುತ್ತಾರೆ: "ಸರ, ನಾಕ ಹೆಜ್ಜಿ ಹಾಕ್ಯಾನ, ಸೀಟಿ ಊದ್ರಿ!" ಅವರು ಎಣಿಸಿದ್ದು ಸರಿಯೇ. ಆದರೆ ಎಣಿಕೆ ಬೇಗ ಶುರು ಮಾಡಿರುತ್ತಾರೆ. ಚೆಂಡು ಪುಟಿಸುತ್ತಾ ಹತ್ತು ಹೆಜ್ಜೆ ಓಡಿದರೂ ತಪ್ಪಿಲ್ಲ. ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದುಕೊಂಡು ನಿಯಮ ಮೀರಿ ಕಾಲು ಸರಿಸುವ ತಪ್ಪು, ಚೆಂಡು ಕೈಯಲ್ಲಿ ನಿಂತ ಮೇಲಿನ ಮಾತು. ಅದಕ್ಕೇ ನಿಮ್ಮ ಕಣ್ಣು ಮೊದಲು ಕೈ ಮೇಲಿರಲಿ.

ನಿಂತಲ್ಲೇ ಚೆಂಡು ಹಿಡಿದವನ ಲೆಕ್ಕ ಸುಲಭ. ಒಂದು ಕಾಲು ಎತ್ತಿದ ಕೂಡಲೇ ಇನ್ನೊಂದು ಕಾಲು ಪಿವಟ್ ಆಗುತ್ತದೆ. ನಾನು ಮಕ್ಕಳಿಗೆ ಅದನ್ನು ಮೇಟಿ ಕಾಲು ಅಂತಲೇ ಹೇಳಿಕೊಡುತ್ತೇನೆ. ಹಾವೇರಿ ಕಡೆಯ ನಮ್ಮೂರಿನ ಕಣದಲ್ಲಿ ಎತ್ತುಗಳು ಸುತ್ತುತ್ತಿದ್ದವು, ಮೇಟಿ ಕದಲುತ್ತಿರಲಿಲ್ಲ. ಇಲ್ಲೂ ಹಾಗೆಯೇ. ಆ ಕಾಲಿನ ಮೇಲೆ ಎಷ್ಟು ಸಲ ಬೇಕಾದರೂ ತಿರುಗಬಹುದು, ಜಾಗ ಬಿಡುವಂತಿಲ್ಲ.

ಮಕ್ಕಳು ಎಡವುವುದು ಇದರ ಮುಂದಿನ ಹಂತದಲ್ಲಿ. ಪುಟಿಸಲು ಹೊರಟರೆ, ಮೇಟಿ ಕಾಲು ಏಳುವ ಮೊದಲೇ ಚೆಂಡು ಕೈ ಬಿಟ್ಟಿರಬೇಕು. ಪಾಸ್ ಅಥವಾ ಶೂಟ್ ಮಾಡುವುದಾದರೆ ಆ ಕಾಲನ್ನು ಎತ್ತಿ ಜಿಗಿಯಬಹುದು. ಆಗ ಯಾವ ಕಾಲೂ ನೆಲ ಮುಟ್ಟುವ ಮೊದಲು ಚೆಂಡು ಕೈಯಿಂದ ಹೋಗಿರಬೇಕು. ನಾನು ಜಾಸ್ತಿ ಸೀಟಿ ಊದುವುದು ಈ ಮೊದಲನೆಯದಕ್ಕೆ. ಅವಸರದಲ್ಲಿ ಕಾಲು ಮುಂದೆ, ಚೆಂಡು ಹಿಂದೆ.

ಓಡುತ್ತಾ ಹಿಡಿದಾಗ ಲೆಕ್ಕ ಬೇರೆ. ಫೀಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ ನಿಯಮ 2017ರ ಅಕ್ಟೋಬರ್‌ನಿಂದ ಬದಲಾಗಿದೆ. ಚೆಂಡು ಕೈಗೆ ಬಂದ ಗಳಿಗೆಯಲ್ಲಿ ನೆಲದ ಮೇಲಿದ್ದ ಕಾಲು ಎಣಿಕೆಗೆ ಇಲ್ಲ. ಅದು ಸೊನ್ನೆ. ಅದರ ನಂತರದ್ದು ಒಂದು, ಆಮೇಲೆ ಎರಡು, ಅಷ್ಟಕ್ಕೇ ಅವಕಾಶ. ಹಳೇ ಲೆಕ್ಕದಲ್ಲಿ ಬೆಳೆದವರಿಗೆ ಲೇಅಪ್ (ಓಡಿಬಂದು ಬುಟ್ಟಿಯ ಹತ್ತಿರ ಜಿಗಿದು ಚೆಂಡು ಹಾಕುವುದು) ನೋಡುವಾಗ ಮೂರು ಹೆಜ್ಜೆ ಕಂಡಂತಾಗುವುದು ಇದಕ್ಕೇ. ಒಂದು ಎಚ್ಚರ: ಓಡುತ್ತಾ ಪಾಸ್ ಹಿಡಿದು ಪುಟಿಸಲು ಶುರು ಮಾಡುವವನು ಎರಡನೇ ಹೆಜ್ಜೆಗೆ ಮುಂಚೆ ಚೆಂಡು ಬಿಡಬೇಕು. ಇನ್ನೊಂದು, ಆ ಎರಡೂ ಹೆಜ್ಜೆ ಒಂದೇ ಕಾಲಿನದ್ದಾಗಬಾರದು. ಕುಂಟಾಬಿಲ್ಲೆ ಕುಂಟಿದರೆ ಸೀಟಿ ಬೀಳುತ್ತದೆ.

ಡ್ರಿಬಲ್‌ನಲ್ಲೂ, ಅಂದರೆ ಚೆಂಡು ಪುಟಿಸುವುದರಲ್ಲೂ, ಕೈಯೇ ಮುಖ್ಯ. ಎರಡೂ ಕೈ ಒಟ್ಟಿಗೆ ತಾಗಿದರೆ, ಇಲ್ಲವೇ ಚೆಂಡು ಕೈಯಲ್ಲಿ ತಂಗಿದರೆ, ಡ್ರಿಬಲ್ ಮುಗಿಯಿತು. ಮತ್ತೆ ಪುಟಿಸಿದರೆ ಡಬಲ್ ಡ್ರಿಬಲ್ ಅನ್ನುವ ತಪ್ಪು. ಅಂಗೈ ಚೆಂಡಿನ ಕೆಳಗೆ ಹೋಗಿ ಅದನ್ನು ಹೊತ್ತು ತಂದರೂ ಹಾಗೆಯೇ. ಆದರೆ ಎದುರಾಳಿ ಕೈ ಹಾಕಿ ಚೆಂಡು ತಪ್ಪಿಸಿದ ಮೇಲೆ ಮತ್ತೆ ಸಿಕ್ಕರೆ, ಹೊಸದಾಗಿ ಪುಟಿಸಬಹುದು. ಪಾಸ್ ಹಿಡಿಯುವಾಗ ಕೈ ಜಾರಿ ಬಿದ್ದ ಚೆಂಡನ್ನು ಎತ್ತಿಕೊಂಡರೆ ಅದು ಡ್ರಿಬಲ್ ಅಲ್ಲ. ಪಾಪ, ಇದಕ್ಕೆ ಸುಮ್ನೆ ಸೀಟಿ ಊದಿ ಮಗುವನ್ನು ಅಳಿಸಬೇಡಿ.

ಮಳೆಗಾಲದಲ್ಲಿ ನಮ್ಮ ಸಿಮೆಂಟ್ ಅಂಗಳ ಜಾರುತ್ತದೆ. ಚೆಂಡು ಹಿಡಿದವನು ಬಿದ್ದು ಜಾರಿದರೆ ತಪ್ಪಲ್ಲ. ಚೆಂಡು ಹಿಡಿದೇ ಉರುಳಿದರೆ, ಏಳಲು ನೋಡಿದರೆ ಟ್ರಾವೆಲಿಂಗ್. ಚೆಂಡು ಎದುರು ತಂಡಕ್ಕೆ ಹೋಗುತ್ತದೆ.

ಕಣ್ಣು ಪಳಗಲು ಸೀಟಿ ಇಲ್ಲದೆ ಒಂದು ವಾರ ಗೆರೆ ಪಕ್ಕದಲ್ಲಿ ನಿಲ್ಲಿ. ಚೆಂಡು ಕೈಗೆ ಬಂದಾಗ ಬಾಯಿಬಿಟ್ಟು "ಹಿಡಿದ" ಅನ್ನಿ, ಆಮೇಲೆ "ಒಂದು, ಎರಡು". "ಹಿಡಿದ" ಅನ್ನುವ ಗಳಿಗೆ ನಿಮಗೆ ಕಾಣದೇ ಹೋದರೆ ಆ ಸಲ ಆಟ ಮುಂದುವರಿಯಲಿ.